ಅಲ್ಲಾಡದ ಒಲೆ

ಟಿಣ್, ಟಿಣ್, ಟಿಣ್.

ಗಾಳಿ ಒಂದಿಷ್ಟು ಎದ್ದರೆ ಸಾಕು, ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ ದೋಣಿಗಳ ಹಗ್ಗಗಳು ಹಾಯಿಕಂಬಕ್ಕೆ ಬಡಿದು ಹೀಗೆ ಸದ್ದು ಮಾಡುತ್ತಿದ್ದವು. ಬಂದರಿನ ಹಿಂದಿನ ಬೀದಿಯವರಿಗೆಲ್ಲ ಅದು ಜೋಗುಳ. ಅದೇ ಬೀದಿಯ ಕೊನೆಯ ಮನೆಯ ಬಡಗಿಗೆ ಮಾತ್ರ ಬೈಗುಳ. ಸದ್ದು ಬರುತ್ತಿದೆ ಎಂದರೆ ಎಲ್ಲೋ ಏನೋ ಸಡಿಲವಾಗಿದೆ ಎಂದರ್ಥ. ಸಡಿಲವಾದದ್ದು ಈ ಲೋಕದಲ್ಲಿ ಎಲ್ಲೇ ಇರಲಿ, ಆತನಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದಂತಾಗುತ್ತಿತ್ತು.

ಊರವರು ಆತನನ್ನು ‘ರಸಮಟ್ಟ’ ಎಂದೇ ಕರೆಯುತ್ತಿದ್ದರು. ಗಾಜಿನ ನಳಿಗೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ನೆಲ ಸಮ, ಪಕ್ಕಕ್ಕೆ ಸರಿದರೆ ಡೊಂಕು ಎಂದು ಹೇಳುವ ಆ ಪುಟ್ಟ ಉಪಕರಣ ಸದಾ ಆತನ ಅಂಗಿಯ ಜೇಬಿನಲ್ಲಿರುತ್ತಿತ್ತು. ನೆಂಟರ ಮನೆಗೆ ಊಟಕ್ಕೆ ಹೋದರೂ ಮೊದಲು ಮೇಜಿನ ಮೇಲೆ ರಸಮಟ್ಟ, ಆಮೇಲೆ ತಟ್ಟೆಗೆ ಕೈ. “ನಾನು ಮಾಡಿದ ಮೇಜು ಭೂಕಂಪ ಆದ್ರೂ ಅಲ್ಲಾಡಲ್ಲ. ಬೇಕಾದ್ರೆ ಭೂಮಿ ಅಲ್ಲಾಡ್ಕೊಳ್ಳಲಿ!” ಎಂಬುದು ಆತನ ಬಿರುದಿನ ಮಾತು.

ಇದರ ಜೊತೆಗೆ ಆತನಿಗೆ ಇನ್ನೊಂದು ಗುಣವಿತ್ತು: ಕುತೂಹಲ. ಏನು ಕಂಡರೂ “ಇದು ಹೀಗ್ಯಾಕೆ?” ಎಂದು ಕೇಳುತ್ತಿದ್ದ. ತೊಂದರೆ ಏನೆಂದರೆ, ಪ್ರಶ್ನೆಯನ್ನು ಬಾಯಿ ಕೇಳುತ್ತಿತ್ತು, ಉತ್ತರವನ್ನು ಕೈ ಕೊಡುತ್ತಿತ್ತು. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಗಡಿಯಾರದ ಹಿಂಬದಿ ಬಿಚ್ಚಿ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು.

ಹೆಂಡತಿ ಶಾಲೆಯಲ್ಲಿ ಭೂಗೋಳದ ಮೇಡಂ. ಅಪ್ಪ ಬಿಟ್ಟುಹೋದ ಒಂದು ಸಣ್ಣ ಹಾಯಿದೋಣಿ ಅವಳ ಪಾಲಿಗೆ ಬಂದಿತ್ತು. ಪ್ರತಿ ವರ್ಷ ಶಾಲೆಗೆ ರಜೆ ಕೊಟ್ಟ ಕೂಡಲೇ ಅವಳೂ ಅವಳ ತಮ್ಮನೂ ಅದರಲ್ಲಿ ಮೂರು ವಾರ ಕರಾವಳಿಯ ಉದ್ದಕ್ಕೂ ಹೋಗಿ ಬರುತ್ತಿದ್ದರು. ದೋಣಿಯಲ್ಲಿ ಮಲಗಲು ಇದ್ದದ್ದು ಎರಡೇ ಹಾಸಿಗೆ. ತಮ್ಮ ದರ್ಜಿ. ಹರಿದ ಹಾಯಿ ಹೊಲಿಯುತ್ತಿದ್ದ, ಅಡುಗೆಯನ್ನೂ ಮಾಡುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಮರಳಿ ಬಂದಾಗ ಅವಳ ಮುಖದಲ್ಲಿ ಏನೋ ಒಂದಿರುತ್ತಿತ್ತು. ಬಿಸಿಲಿಗೆ ಕಂದಿದ್ದಲ್ಲ, ಬೇರೆ ಏನೋ. ಬಹಳ ದೂರದ್ದನ್ನು ನೋಡಿ ಬಂದ ಕಣ್ಣು ಹತ್ತಿರದ್ದಕ್ಕೆ ಇನ್ನೂ ಒಗ್ಗದೆ ನಗುತ್ತಿರುವ ಹಾಗೆ. ಎರಡು ದಿನ ಅದು ಇರುತ್ತಿತ್ತು. ಮೂರನೆಯ ದಿನ ತರಕಾರಿ ಚೀಲಕ್ಕೂ ಉತ್ತರಪತ್ರಿಕೆಗಳ ಕಟ್ಟಿಗೂ ನಡುವೆ ಎಲ್ಲೋ ಇಳಿದುಹೋಗುತ್ತಿತ್ತು. ಆ ಮುಖ ಎಲ್ಲಿ ಹುಟ್ಟುತ್ತದೆ? ಹನ್ನೊಂದು ವರ್ಷದಿಂದ ಬಡಗಿಗೆ ಬಿಚ್ಚಿ ನೋಡಲಾಗದ ವಸ್ತುವೆಂದರೆ ಅದೊಂದೇ.

ಆದ್ದರಿಂದ ರಜೆಗೆ ಒಂದು ವಾರ ಇರುವಾಗ ಬೆಳಗಿನ ಚಹಾದ ಲೋಟವನ್ನು ಮೇಜಿನ ಮೇಲೆ ಟಕ್ಕನೆ ಇಟ್ಟು ಆತ ಘೋಷಿಸಿದ: “ಈ ಸಲ ನಿನ್ನ ಜೊತೆ ನಾನೇ ಬರೋದು!”

“ಎಲ್ಲಿಗೆ?”

“ಸಮುದ್ರಕ್ಕೆ.”

“ಕಾಲು ತೊಳೆಯೋಕಾ?”

“ಮೂರು ವಾರಕ್ಕೆ ಕಣೇ!”

ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. “ಹಾಯಿ ಕಟ್ಟೋಕೆ ಬರುತ್ತಾ?”

“ಇಲ್ಲ.”

“ನಕ್ಷೆ ನೋಡೋಕೆ?”

“ನೀನಿದೀಯಲ್ಲ.”

“ಈಜು?”

“ಮುಳುಗದೆ ಇರೋಕೆ ಬರುತ್ತೆ.”

“ಮತ್ತೆ ಬರೋದಾದ್ರೂ ಏನ್ರೀ ನಿಮಗೆ?”

“ಅಡುಗೆ! ನಿನ್ನ ತಮ್ಮ ಮಾಡೋ ಚಹಾ ಕುಡಿದಿದ್ದೀನಿ. ದಾರ ನೆನೆಸಿದ ನೀರಿನ ಹಾಗಿರುತ್ತೆ. ಈ ಸಲದ ಯಾತ್ರೆಗೆ ನಾನೇ ಪಾಕಶಾಲೆಯ ಅಧಿಪತಿ!”

ಅವಳು ನಗಲಿಲ್ಲ. “ನೋಡಿ, ದೋಣೀಲಿ ಅಡುಗೆಯೋನಿಗಿಂತ ಒಲೇನೇ ದೊಡ್ಡದು. ಮನೇಲಿ ಬೆಂಕಿ ಬಿದ್ರೆ ಬೀದಿಗೆ ಓಡಬಹುದು. ಅಲ್ಲಿ ಬೀದಿ ಎಲ್ಲಿದೆ? ಹಂಗಾಗಿ ಒಂದು ಪರೀಕ್ಷೆ. ಭಾನುವಾರ ಮೂವರೂ ದೀಪಸ್ತಂಭದ ಬಂಡೆ ಸುತ್ತಿ ಬರೋಣ. ಗಾಳಿಗೆ ದೋಣಿ ವಾಲಿರುವಾಗ ಕೆಳಗೆ ಹೋಗಿ ಮೂರು ಲೋಟ ಚಹಾ ಮಾಡಿ ಮೇಲೆ ಕೊಡಿ. ಯಾರಿಗೂ ಸುಡಬಾರದು, ಏನೂ ಹತ್ತಿಕೊಳ್ಳಬಾರದು. ಕೊಟ್ರೆ ಹಾಸಿಗೆ ನಿಮ್ಮದು. ಇಲ್ಲಾಂದ್ರೆ ತಮ್ಮಂದು.”

“ಮೂರು ಲೋಟ ಚಹಾ! ಇಷ್ಟೇನಾ?”

“ಇಷ್ಟೇ.”

ಶನಿವಾರ ಮಧ್ಯಾಹ್ನ ಅವಳು ದೋಣಿಯ ಕೀಲಿಕೈ ಕೊಟ್ಟಳು. “ಹೋಗಿ ಒಲೆ ನೋಡಿ ಬನ್ನಿ. ಬರೀ ನೋಡಿ. ಅರ್ಥ ಆಗದೆ ಇದ್ದಿದ್ದನ್ನ ಸಂಜೆ ನನ್ನ ಕೇಳಿ.”

“ಒಲೆ ಅರ್ಥ ಆಗಲ್ವೇನೇ ನನಗೆ?”

“ಸರಿ. ಕೈಯಲ್ಲಿ ಆ ಪೆಟ್ಟಿಗೆ ಯಾಕೆ?”

ಬಡಗಿ ಉಳಿ, ಬೈರಿಗೆ, ಸ್ಕ್ರೂಗಳ ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಅಭ್ಯಾಸ,” ಎಂದ.

ದೋಣಿಯ ಒಳಕೋಣೆಗೆ ನಾಲ್ಕು ಮೆಟ್ಟಿಲು ಇಳಿಯಬೇಕು. ಒಳಗೆ ತಲೆ ಎತ್ತಿ ನಿಂತರೆ ನೆತ್ತಿಗೆ ಛಾವಣಿ, ಕೈ ಚಾಚಿದರೆ ಎರಡೂ ಕಡೆ ಗೋಡೆ. ಎರಡು ಕಿರಿದಾದ ಹಾಸಿಗೆ, ಮಡಚುವ ಮೇಜು, ಕೊಕ್ಕೆಗೆ ತೂಗುಹಾಕಿದ ಒಂದು ದೀಪ. ಮೆಟ್ಟಿಲ ಪಕ್ಕದಲ್ಲೇ ಎರಡು ಬರ್ನರಿನ ಹಳೆಯ ಗ್ಯಾಸ್ ಒಲೆ, ಸುತ್ತಲೂ ಬೆರಳೆತ್ತರದ ಕಂಬಿ. ಎಷ್ಟು ಅಚ್ಚುಕಟ್ಟು! ಬಡಗಿಗೆ ಮೆಚ್ಚುಗೆಯಾಯಿತು. ಮೆಚ್ಚುಗೆಯಿಂದ ಒಲೆಯ ತಲೆ ಸವರಿದ.

ಒಲೆ ತಲೆದೂಗಿತು.

ಬಡಗಿ ಕೈ ತೆಗೆದ. ಒಲೆ ಹಿಂದಕ್ಕೂ ಮುಂದಕ್ಕೂ ಎರಡು ಸಲ ಆಡಿ ನಿಂತಿತು. ಬಗ್ಗಿ ನೋಡಿದರೆ ಅದು ಎಲ್ಲಿಯೂ ಊರಿಯೇ ಇರಲಿಲ್ಲ! ಎರಡು ತುದಿಗೆ ಎರಡು ಕೀಲು, ಆ ಕೀಲುಗಳ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. “ಇದು ಹೀಗ್ಯಾಕೆ?” ಎಂದು ಬಾಯಿ ಕೇಳಿತು. ಕೈ ಆಗಲೇ ಜೇಬಿಗೆ ಹೋಗಿತ್ತು. ರಸಮಟ್ಟ ತೆಗೆದು ಒಲೆಯ ಅಂಚಿಗೆ ಇಟ್ಟ. ಅದರ ಭಾರಕ್ಕೇ ಒಲೆ ಆ ಕಡೆ ವಾಲಿತು. ಈ ಅಂಚಿಗೆ ಇಟ್ಟ. ಈ ಕಡೆ ವಾಲಿತು. ಮೂವತ್ತು ವರ್ಷದ ವೃತ್ತಿಜೀವನದಲ್ಲಿ, ಅಳೆಯುವ ಕೋಲು ನೋಡಿಯೇ ಅಳತೆ ಬದಲಿಸುವ ನಿರ್ಲಜ್ಜ ವಸ್ತುವನ್ನು ಆತ ಕಂಡದ್ದು ಇದೇ ಮೊದಲು!

ಆಮೇಲೆ ಕೋಪ ಇಳಿದು ಕನಿಕರ ಬಂತು. ಅಯ್ಯೋ ಪಾಪ! ಹನ್ನೊಂದು ವರ್ಷ ಈ ಮುರುಕು ಒಲೆಯ ಮೇಲೆ ಅಕ್ಕ ತಮ್ಮ ಅನ್ನ ಬೇಯಿಸಿಕೊಂಡು ತಿಂದಿದ್ದಾರೆ. ಮನೆಯಲ್ಲೇ ಒಬ್ಬ ಬಡಗಿ ಇದ್ದಾನೆ, ಅವನಿಗೊಂದು ಮಾತು ಹೇಳೋಣ ಎಂದು ಅವಳಿಗೆ ಅನಿಸಲೂ ಇಲ್ಲ. ಎಂಥ ಸಹನೆ!

ಒಂದು ಗಂಟೆ ಕೆಲಸ. ಗಟ್ಟಿಮರದ ನಾಲ್ಕು ಬೆಣೆ, ನಾಲ್ಕು ಹಿತ್ತಾಳೆ ಸ್ಕ್ರೂ. ಬೈರಿಗೆ ಗುಂಯ್ ಎಂದಿತು, ಬೆಣೆಗಳು ಬಿಗಿದವು. ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ, ಒಳ್ಳೆಯ ಮಗುವಿನ ಹಾಗೆ ಕೂತಿತು. ಮುಷ್ಟಿಯಿಂದ ಗುದ್ದಿದ. ಒಲೆ ಮಿಸುಕಲಿಲ್ಲ.

ಬಿಸಿ ಏರಿದ ಕೈ ಅಷ್ಟಕ್ಕೇ ಸುಮ್ಮನಾದೀತೇ? ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದು ಬಿಳಿ ಪೆಟ್ಟಿಗೆ ಅಂಟಿಕೊಂಡಿತ್ತು, ಹಸಿರು ದೀಪ ಮಿನುಗುತ್ತಿತ್ತು. ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ ಎಂದು ಅದರ ಮೇಲೇ ಬರೆದಿತ್ತು. “ಮೂಗನ್ನ ಯಾರಾದ್ರೂ ಪಾದದ ಹತ್ರ ಇಟ್ಕೋತಾರಾ?” ಎಂದುಕೊಂಡ ಬಡಗಿ. ಕಾಲಿಗೆ ಸಿಕ್ಕಿ ಒಡೆದರೆ? ಬಿಚ್ಚಿ ಛಾವಣಿಗೆ ಹಾಕಿದ. ತಂತಿ ಉದ್ದವಾಗಿಯೇ ಇತ್ತು. ಒಲೆಯ ಮುಂದೆ ಎರಡು ಕೊಕ್ಕೆಗಳ ನಡುವೆ ಒಂದು ಅಗಲದ ಕ್ಯಾನ್ವಾಸ್ ಪಟ್ಟಿ ಜೋತುಬಿದ್ದಿತ್ತು, ಒಳ್ಳೆ ಹರಕು ಉಯ್ಯಾಲೆಯಂತೆ. ಅದನ್ನೂ ಬಿಚ್ಚಿ, ಸುತ್ತಿ, ಹಾಸಿಗೆಯ ಕೆಳಗೆ ತುರುಕಿದ.

ಸಂಜೆ ಹೆಂಡತಿ ಕೇಳಿದಳು: “ಒಲೆ ಅರ್ಥ ಆಯ್ತಾ?”

“ಆಯ್ತು.”

“ಏನಾದ್ರೂ ಕೇಳೋದಿದೆಯಾ?”

“ಏನೂ ಇಲ್ಲ.”

“ನಿಮಗೆ? ಏನೂ ಕೇಳೋದಿಲ್ವಾ?” ಅವಳು ಹತ್ತಿರ ಬಂದು ಆತನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಭಾನುವಾರ ಗಾಳಿ ಚೆನ್ನಾಗಿತ್ತು. ದರ್ಜಿ ತಮ್ಮ ತುಟಿಯ ಅಂಚಿನಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ದೋಣಿ ಹತ್ತಿದ. ಅಂಗಡಿಗೆ ರಜೆಯಾದರೂ ಆತನ ಬಾಯಿಗೆ ರಜೆಯಿರಲಿಲ್ಲ. ಆ ಸೂಜಿಗಳಿಂದಾಗಿಯೇ ಅವನ ಮಾತು ಯಾವಾಗಲೂ ಕಡಿಮೆ, ಚುಚ್ಚುವುದು ಜಾಸ್ತಿ.

“ಭಾವ, ಪೆಟ್ಟಿಗೆ ಬಿಟ್ಟು ಬಂದ್ರಾ? ಬೋಳು ಬೋಳಾಗಿ ಕಾಣ್ತೀರಿ.”

“ಕೆಲಸ ಮುಗಿದಿದೆ ಕಣಯ್ಯ. ಇವತ್ತು ಬರೀ ಫಲ.”

ಹೆಂಡತಿ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂತಳು. ತಮ್ಮ ಹಾಯಿ ಏರಿಸಿದ. ಬಂದರಿನ ಗೋಡೆ ದಾಟಿದ್ದೇ ತಡ, ಗಾಳಿ ಹಾಯಿಯ ಹೊಟ್ಟೆ ತುಂಬಿತು, ದೋಣಿ ಒಂದು ಪಕ್ಕಕ್ಕೆ ವಾಲಿ, ಹಾಗೇ ವಾಲಿಕೊಂಡೇ ಓಡತೊಡಗಿತು. ಬಡಗಿ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.

“ಇದು ಯಾವಾಗ ನೆಟ್ಟಗಾಗುತ್ತೆ?”

“ಇದೇ ನೆಟ್ಟಗೆ ರೀ. ಈಗ ಚಹಾ!”

“ಕುಣಿಯೋಕೆ ಬಾರದೋರು ನೆಲ ಡೊಂಕು ಅನ್ನಬಾರದು ಭಾವ,” ಎಂದ ತಮ್ಮ, ಸೂಜಿಗಳ ಸಂದಿಯಿಂದ. “ಸಿಲಿಂಡರ್ ಆನ್ ಮಾಡಿದ್ದೀನಿ. ಹೋಗಿ ಬನ್ನಿ.” ಸಿಲಿಂಡರ್ ಇದ್ದದ್ದು ಹೊರಗೆ, ಚುಕ್ಕಾಣಿಯ ಪಕ್ಕದ ಗೂಡಿನಲ್ಲಿ.

ಬಡಗಿ ಮೆಟ್ಟಿಲು ಇಳಿದನೋ ಜಾರಿದನೋ, ಅಂತೂ ಒಳಕೋಣೆ ಸೇರಿದ. ಪಾತ್ರೆಗೆ ನೀರು ತುಂಬಿದ. ಮೂರು ಲೋಟ ಸಾಕಿತ್ತು. ಗೆದ್ದ ಖುಷಿಗೆ ಎರಡನೇ ಸಲವೂ ಕುಡಿಯುತ್ತಾರೆ ಎಂದು ಆರು ಲೋಟ ಹಾಕಿದ. ಕಡ್ಡಿ ಗೀರಿದ. ಒಲೆ ಹೊತ್ತಿಕೊಂಡಿತು. ನೀಲಿ ಜ್ವಾಲೆ, ಅಲ್ಲಾಡದ ಒಲೆ. ಆಹಾ! ಚಹಾ ಪುಡಿಯ ಡಬ್ಬಿ, ಸಕ್ಕರೆ ಡಬ್ಬಿ ಎರಡೂ ತೆರೆದು ಹಾಸಿಗೆಯ ಮೇಲಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತ.

ಆಗ ಕಣ್ಣು ದೀಪದ ಮೇಲೆ ಹೋಯಿತು.

ಕೊಕ್ಕೆಗೆ ತೂಗುಹಾಕಿದ ದೀಪ ಗೋಡೆಯಿಂದ ದೂರ ಸರಿದು ಓರೆಯಾಗಿ ನಿಂತಿತ್ತು. ಯಾರೂ ಹಿಡಿದಿರಲಿಲ್ಲ. ಕೈ ಒರೆಸುವ ಬಟ್ಟೆಯೂ ಹಾಗೆಯೇ, ಗೋಡೆ ಬಿಟ್ಟು ಗಾಳಿಯಲ್ಲಿ ನಿಂತಿತ್ತು. “ಇದು ಹೀಗ್ಯಾಕೆ?” ಎಂದ ಬಡಗಿ. ಕತ್ತು ವಾಲಿಸಿ ನೋಡಿದ. ಓರೆಯಾಗಿರುವುದು ದೀಪವೋ ಗೋಡೆಯೋ? ದೀಪ ನೆಟ್ಟಗೇ ಇದೆ ಎಂದಾದರೆ ಗೋಡೆ ವಾಲಿದೆ. ಗೋಡೆ ವಾಲಿದೆ ಎಂದರೆ ಗೋಡೆಗೆ ಬಿಗಿದ ಒಲೆಯೂ... ಮೆಲ್ಲಗೆ ರಸಮಟ್ಟ ತೆಗೆದು ಒಲೆಯ ಕಂಬಿಗೆ ಹಿಡಿದ. ಗುಳ್ಳೆ ನಳಿಗೆಯ ತುದಿಗೆ ಓಡಿಹೋಗಿ ಹೆದರಿದ ಇಲಿಯಂತೆ ಮೂಲೆ ಸೇರಿತು.

ಜ್ಞಾನೋದಯಗಳೆಲ್ಲ ಸರಿಯಾದ ಹೊತ್ತಿಗೇ ಆಗುವಂತಿದ್ದರೆ ಲೋಕದಲ್ಲಿ ಪೆಟ್ಟು ತಿಂದವರೇ ಇರುತ್ತಿರಲಿಲ್ಲ. ಪಾತ್ರೆಯ ನೀರು ಅಷ್ಟರಲ್ಲಿ ಒಂದು ಅಂಚಿನಿಂದ ಧಾರೆಯಾಗಿ ಇಳಿದು ಬರ್ನರಿನ ಮೇಲೆ ಬಿತ್ತು. ಚೊಯ್!

ಅದೇ ಹೊತ್ತಿಗೆ ಮೇಲಿನಿಂದ ಹೆಂಡತಿಯ ಕೂಗು: “ಬಂಡೆ ಬಂತು! ದೋಣಿ ತಿರುಗಿಸ್ತಾ ಇದ್ದೀನಿ! ಪಟ್ಟಿ ಕಟ್ಕೊಂಡಿದ್ದೀರಾ?”

“ಯಾವ ಪಟ್ಟಿ?”

ಉತ್ತರ ಬರಲಿಲ್ಲ, ದೋಣಿ ಬಂತು. ಈ ಪಕ್ಕಕ್ಕೆ ವಾಲಿದ್ದದ್ದು ಆ ಪಕ್ಕಕ್ಕೆ ಹೊರಳಿತು. ಪಾತ್ರೆ ಕಂಬಿ ಹಾರಿತು. ಬಡಗಿ ಪಾತ್ರೆಯ ಜೊತೆ ಹಾರಿದ. ಚಹಾ ಪುಡಿ ಇಬ್ಬರ ಮೇಲೂ ಹಾರಿತು. ಸಕ್ಕರೆ ಡಬ್ಬಿ ಮಾತ್ರ ಕೊನೆಯವರೆಗೆ ಮರ್ಯಾದೆಯಿಂದ ಕೂತಿದ್ದು, ಎಲ್ಲರೂ ಬಿದ್ದ ಮೇಲೆ ನಿಧಾನವಾಗಿ ಉರುಳಿ ಆತನ ಅಂಗಿಯ ಕುತ್ತಿಗೆಯೊಳಗೆ ಖಾಲಿಯಾಯಿತು. ನೀರಿನ್ನೂ ಉಗುರುಬೆಚ್ಚಗಿತ್ತು, ಪುಣ್ಯ. ಎದುರಿನ ಹಾಸಿಗೆಯ ಮೇಲೆ, ತಲೆ ಕೆಳಗೆ ಕಾಲು ಮೇಲೆ, ಪಾಕಶಾಲೆಯ ಅಧಿಪತಿ ತಾನೇ ಚಹಾ ಆಗಿ ಬಿದ್ದಿದ್ದ.

“ಏನ್ರೀ ಸದ್ದು?”

“ಏನಿಲ್ಲ! ಸಕ್ಕರೆ ಹಾಕ್ತಿದ್ದೀನಿ!”

ಅವಳ ದನಿ ಬದಲಾಯಿತು. “ರೀ... ಗ್ಯಾಸ್ ವಾಸನೆ ಬರ್ತಿದೆ.”

ಬಡಗಿ ಬಿದ್ದಲ್ಲಿಂದಲೇ ಛಾವಣಿ ನೋಡಿದ. “ಇಲ್ವಲ್ಲ! ಪೆಟ್ಟಿಗೆ ಹಸಿರಾಗೇ ಇದೆ.”

“ಪೆಟ್ಟಿಗೆ ಎಲ್ಲಿ ನೋಡ್ತಿದ್ದೀರಿ?”

“ಮೇಲೆ.”

“ಮೇಲೆ ಅಂದ್ರೆ?”

“ಛಾವಣೀಲಿ! ಕೆಳಗೆ ಕಾಲಿಗೆ ಸಿಗ್ತಿತ್ತು ಅಂತ ನಾನೇ...”

“ತಮ್ಮಾ, ಸಿಲಿಂಡರ್ ಬಂದ್ ಮಾಡೋ,” ಎಂದಳು ಅವಳು. ಕೂಗಲಿಲ್ಲ. ಕೂಗದೆ ಇದ್ದದ್ದಕ್ಕೇ ಬಡಗಿ ತಟ್ಟನೆ ಎದ್ದು ಕೂತ. “ನೀವು ಒಲೆಯ ಗುಂಡಿ ತಿರುಗಿಸಿ. ಯಾವ ಸ್ವಿಚ್ಚೂ ಮುಟ್ಟಬೇಡಿ. ದೀಪ ಬೇಡ. ಬೆಂಕಿಪೊಟ್ಟಣ ಜೇಬಿಂದ ತೆಗೀಲೇಬೇಡಿ. ಇಂಜಿನ್ ಹತ್ರ ಯಾರೂ ಹೋಗೋದಿಲ್ಲ. ನಿಧಾನಕ್ಕೆ ಮೇಲೆ ಬನ್ನಿ.”

ನೀರು ಬಿದ್ದು ಜ್ವಾಲೆ ಆರಿತ್ತು. ಗುಂಡಿ ತೆರೆದೇ ಇತ್ತು. ಅಷ್ಟು ಹೊತ್ತೂ ಗ್ಯಾಸ್ ಸದ್ದಿಲ್ಲದೆ ಹೊರಬಂದು, ನೆಲದ ಹಲಗೆಗಳ ಸಂದಿಯಲ್ಲಿ ಇಳಿದು, ದೋಣಿಯ ತಳದ ಪೊಳ್ಳಿನಲ್ಲಿ ಕೂತಿತ್ತು. ಅದನ್ನು ಮೂಸಬೇಕಿದ್ದ ಮೂಗು ಛಾವಣಿಯಲ್ಲಿ ಹಸಿರು ಕಣ್ಣು ಬಿಟ್ಟುಕೊಂಡು ಶುದ್ಧ ಗಾಳಿ ಸೇವಿಸುತ್ತಿತ್ತು.

ಅವಳು ಹಾಯಿ ಸಡಿಲಿಸಿ ದೋಣಿಯನ್ನು ನಿಲ್ಲಿಸಿದಳು. ಕಿಟಕಿ, ಮುಚ್ಚಳ ಎಲ್ಲ ತೆರೆದರು. ಗಾಳಿ ಒಳಗೆಲ್ಲ ಆಡತೊಡಗಿದ ಮೇಲೆ ತಮ್ಮ ಉಸಿರು ಬಿಗಿಹಿಡಿದು ಇಳಿದು ನೆಲದ ಹಲಗೆ ಎತ್ತಿಟ್ಟು ಬಂದ. ಅವಳು ಬಡಗಿಯ ಕೈಗೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟಳು.

“ಮೆಟ್ಟಿಲ ಮೇಲೆ ನಿಂತು ನೂರು ಸಲ ಮೊಗೀರಿ. ತಲೆ ಹೊರಗೇ ಇರಲಿ.”

“ಏನನ್ನ?”

“ಗ್ಯಾಸ್.”

“ಬಕೆಟ್‌ನಲ್ಲಾ?”

“ಬಕೆಟ್‌ನಲ್ಲಿ.”

ಬಡಗಿ ಬಾಗಿ, ತಳದ ಪೊಳ್ಳಿನಿಂದ ಒಂದು ಬಕೆಟ್ ತುಂಬ ಶೂನ್ಯವನ್ನು ಮೊಗೆದು, ಒಂದು ಹನಿಯೂ ಚೆಲ್ಲದಂತೆ ಎತ್ತಿ, ಸಮುದ್ರಕ್ಕೆ ಸುರಿದ. ಮತ್ತೆ ಬಾಗಿದ. ಮತ್ತೆ ಸುರಿದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರಂತೆ ಎಂಬ ಗಾದೆಯನ್ನು ಕೇಳಿದ್ದ. ಅದನ್ನು ಲೆಕ್ಕ ಹಾಕಿ ನೂರು ಸಲ ಮಾಡಬೇಕಾದೀತು ಎಂದು ಯಾರೂ ಹೇಳಿರಲಿಲ್ಲ.

ಇಪ್ಪತ್ತನೆಯ ಬಕೆಟ್ಟಿನ ಹೊತ್ತಿಗೆ ಒಂದು ಮೀನಿನ ದೋಣಿ ದೂರದಲ್ಲಿ ನಿಧಾನಿಸಿತು. ಮೇಲೆ ಕೂತಿದ್ದ ಮುದುಕ ಬೆಸ್ತ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

“ನೀರು ನುಗ್ಗಿದೆಯಾ?”

“ಇಲ್ಲ!” ಎಂದ ಬಡಗಿ.

“ಮತ್ತೇನು ಚೆಲ್ತಾ ಇದ್ದೀರಿ?”

ಬಡಗಿ ಬಕೆಟ್ಟಿನೊಳಗೆ ಇಣುಕಿದ. ಸುಳ್ಳು ಹೇಳುವವನಲ್ಲ. “ಏನೂ ಇಲ್ಲ!”

ಮುದುಕ ಸ್ವಲ್ಪ ಯೋಚಿಸಿದ. “ಹಂಗಾದ್ರೆ ನಿಧಾನಕ್ಕೆ ಚೆಲ್ಲಿ. ಖಾಲಿಯಾಗಿಬಿಟ್ಟೀತು!” ಎಂದು ತನ್ನ ಪಾಡಿಗೆ ಮುಂದೆ ಹೋದ.

ತಮ್ಮನ ಬಾಯಿಂದ ಒಂದು ಸೂಜಿ ಬಿದ್ದೇಹೋಯಿತು, ಅಷ್ಟು ನಕ್ಕ.

ಬಡಗಿಗೆ ನಗು ಬರಲಿಲ್ಲ, ಪ್ರಶ್ನೆ ಬಂತು. ಎರಡೂ ಕೈಯಲ್ಲಿ ಬಕೆಟ್ ಇದ್ದುದರಿಂದ ಈ ಸಲ ಕೈ ಉತ್ತರ ಕೊಡುವಂತಿರಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಆತ ಪ್ರಶ್ನೆ ಕೇಳಿ ಕಾದ.

“ಅಲ್ಲ ಕಣೇ, ಹೊಗೆ ಮೇಲೆ ಹೋಗುತ್ತಲ್ಲ. ಇದ್ಯಾಕೆ ಕೆಳಗೆ ಬರುತ್ತೆ?”

“ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ ರೀ. ನೀರಿನ ಹಾಗೆ ತಗ್ಗು ಹುಡುಕ್ಕೊಂಡು ಇಳಿಯುತ್ತೆ. ಮನೇಲಾದ್ರೆ ಬಾಗಿಲ ಸಂದೀಲಿ ಸ್ವಲ್ಪವಾದ್ರೂ ಹೊರಗೆ ಹೋದೀತು. ದೋಣಿಗೆ ಕೆಳಗಡೆ ಬಾಗಿಲು ಇಡೋಕಾಗುತ್ತಾ?”

ಬಡಗಿ ಒಂದು ಬಕೆಟ್ ಸುರಿದ. “ಅದಕ್ಕೇ ಮೂಗು ಪಾದದ ಹತ್ರ.”

“ಅದಕ್ಕೇ.”

ಇನ್ನೊಂದು ಬಕೆಟ್. “ಆ ಪಟ್ಟಿ?”

“ಅಡುಗೆ ಮಾಡೋರು ಸೊಂಟಕ್ಕೆ ಕಟ್ಕೊಂಡು ಒರಗೋಕೆ. ಇಲ್ಲಾಂದ್ರೆ ನಿಮ್ಮ ಹಾಗೆ ಸಕ್ಕರೆ ಹಾಕ್ಬೇಕಾಗುತ್ತೆ.”

ಇನ್ನೂ ಎರಡು ಬಕೆಟ್ ಸುರಿದ ಮೇಲೆ ಮೆಲ್ಲಗೆ ಕೇಳಿದ: “ಒಲೆ ಯಾಕೆ ಅಲ್ಲಾಡುತ್ತೆ?”

ಅವಳಿಗೆ ಅರ್ಥವಾಗಲಿಲ್ಲ. ಮೆಟ್ಟಿಲಿನಿಂದ ಒಳಗೆ ಬಗ್ಗಿ ನೋಡಿದಳು. ಬೆಣೆಗಳನ್ನು ನೋಡಿದಳು. ನಾಲ್ಕು ಹಿತ್ತಾಳೆ ಸ್ಕ್ರೂಗಳನ್ನು ಎಣಿಸಿದಳು.

“ಒಲೆ ಅಲ್ಲಾಡಲ್ಲ ರೀ,” ಎಂದಳು. “ಈ ದೋಣೀಲಿ ಅಲ್ಲಾಡದೆ ನಿಲ್ಲೋದು ಅದೊಂದೇ. ಅಲ್ಲಾಡೋರು ನಾವು. ದೋಣಿ ಯಾವ ಕಡೆ ವಾಲಿದ್ರೂ ಅದು ನೆಟ್ಟಗೆ ನಿಂತ್ಕೊಳ್ಳಲಿ ಅಂತ ಕೀಲಿನ ಮೇಲೆ ತೂಗುಹಾಕಿರೋದು.”

ಎತ್ತಿದ ಬಕೆಟ್ ಎತ್ತಿದಂತೆಯೇ ಉಳಿಯಿತು. ಬಡಗಿ ಬಾಯಿ ತೆರೆದು ನಿಂತ. ನಾಚಿಕೆಗೆ ಮುಂಚೆ ಆತನೊಳಗೆ ಎದ್ದದ್ದು ಬೇರೆಯೇ ಒಂದು ಹಿಗ್ಗು. ಎಷ್ಟು ಚಂದದ ಉಪಾಯ! ಯಾರ ತಲೆಗೆ ಹೊಳೆದಿರಬಹುದು?

“ಅಂದ್ರೆ... ಬಿಟ್ಟುಬಿಟ್ರೆ ತಾನೇ ಸಮ ಆಗುತ್ತಾ?”

“ಬಿಟ್ಟುಬಿಟ್ರೆ.”

ತಲೆ ಎತ್ತಿ ನೋಡಿದರೆ ಅವಳು ನಗುತ್ತಿದ್ದಳು. ಒಂದು ಕೈ ಚುಕ್ಕಾಣಿಯ ಮೇಲೆ, ಹಣೆಯ ಮೇಲೆ ಉಪ್ಪುನೀರಿಗೆ ಅಂಟಿದ ಕೂದಲು, ಕಣ್ಣು ಇನ್ನೂ ದೂರದಲ್ಲೇ. ಅದೇ ಮುಖ. ಮರಳಿ ಬಂದದ್ದಲ್ಲ, ಈಗ ತಾನೇ ಹುಟ್ಟಿದ್ದು. ಬಡಗಿ ಏನೂ ಕೇಳಲಿಲ್ಲ. ಬಕೆಟ್ ಇಳಿಸಿ, ಮತ್ತೆ ಮೊಗೆದ.

ಮುಕ್ಕಾಲು ಗಂಟೆ ಗಾಳಿ ಆಡಿದ ಮೇಲೆ ವಾಸನೆ ಪೂರ್ತಿ ಹೋಯಿತು. “ಸ್ಕ್ರೂ ತೆಗೀಲಾ?” ಎಂದು ಬಡಗಿ ಕೇಳಿದ. “ತೆಗೀರಿ,” ಎಂದಳು. ತಮ್ಮ ತನ್ನ ಹೊಲಿಗೆ ಚೀಲದಿಂದ ಮೆಷಿನ್ನಿನ ಪುಟ್ಟ ಸ್ಕ್ರೂಡ್ರೈವರ್ ಕೊಟ್ಟ. ಮೊದಲು ಬಿಳಿ ಪೆಟ್ಟಿಗೆ ಕೆಳಗೆ ತನ್ನ ಜಾಗಕ್ಕೆ ಇಳಿಯಿತು. ಆಮೇಲೆ ನಾಲ್ಕು ಸ್ಕ್ರೂ, ನಾಲ್ಕು ಬೆಣೆ. ಕಟ್ಟು ಬಿಚ್ಚಿದ ಒಲೆ ಒಮ್ಮೆ ತೂಗಿ ನಿಂತಿತು. ಬಡಗಿ ರಸಮಟ್ಟವನ್ನು ಈ ಸಲ ಅಂಚಿಗಲ್ಲ, ನಟ್ಟನಡುವೆ ಇಟ್ಟ. ಮೇಲೆ ಹಾಯಿ ತುಂಬಿತು, ದೋಣಿ ವಾಲಿತು, ಗೋಡೆ ವಾಲಿತು, ಸ್ವತಃ ಬಡಗಿಯೂ ವಾಲಿದ. ಗುಳ್ಳೆ ಮಾತ್ರ ನಡುವೆಯೇ ನಿಂತಿತ್ತು.

“ಇನ್ನೊಂದು ಸಲ ತಿರುಗಿಸೇ!” ಎಂದು ಕೆಳಗಿನಿಂದ ಕೂಗಿದ.

ತಿರುಗಿಸಿದಳು.

“ಇನ್ನೊಂದೇ ಒಂದು ಸಲ!”

“ಭಾವ, ಮನೆಗೆ ಹೋಗೋದು ಬೇಡ್ವಾ?” ಎಂದ ತಮ್ಮ.

ಆ ದಿನ ಮತ್ತೆ ಬೆಂಕಿ ಹಚ್ಚುವುದು ಬೇಡ ಎಂದು ಅವಳು ಹೇಳಿದ್ದರಿಂದ ಚಹಾ ಆಗಲೇ ಇಲ್ಲ. ಮಧ್ಯಾಹ್ನ ದೋಣಿ ಬಂದರು ಸೇರಿದಾಗ ಬಡಗಿಯ ಕಿವಿಯಲ್ಲಿ ಚಹಾ ಪುಡಿ, ಬೆನ್ನಿನಲ್ಲಿ ಸಕ್ಕರೆ. ಮೀನಿನ ಬುಟ್ಟಿ ಇಳಿಸುತ್ತಿದ್ದ ಮುದುಕ ಬೆಸ್ತನೂ ಹತ್ತಿರ ಬಂದು ನಿಂತ. ಖಾಲಿ ಬಕೆಟ್ಟಿನ ಕಥೆ ಕೇಳದೆ ಆತನಿಗೆ ಊಟ ಸೇರುವಂತಿರಲಿಲ್ಲ.

ಬಡಗಿ ತಾನೇ ತೀರ್ಪು ಹೇಳಿಕೊಂಡ. “ಸೋತೆ ಕಣೇ. ಮೂರು ಲೋಟ ಹೋಗಲಿ, ಮೂರು ಹನಿಯೂ ಮೇಲೆ ಬರಲಿಲ್ಲ. ಈ ವರ್ಷಾನೂ ತಮ್ಮನೇ ಹೋಗಲಿ.”

ದರ್ಜಿ ತಮ್ಮ ತುಟಿಯಲ್ಲಿ ಉಳಿದಿದ್ದ ಒಂದು ಸೂಜಿಯನ್ನೂ ತೆಗೆದು ಅಂಗಿಯ ಅಂಚಿಗೆ ಚುಚ್ಚಿದ. ಅಪರೂಪ. ಉದ್ದದ ಮಾತು ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು.

“ಅಕ್ಕ, ಹನ್ನೊಂದು ವರ್ಷ ಆ ಒಲೆ ಮುಂದೆ ನಿಂತಿದ್ದೀನಿ. ಅದು ಯಾಕೆ ತೂಗುತ್ತೆ ಅಂತ ಒಂದು ಸಲಾನೂ ಕೇಳ್ಲಿಲ್ಲ. ನೀನು ಹೀಗೆ ಮಾಡು ಅಂದೆ, ಮಾಡಿದೆ. ಇವತ್ತು ಭಾವನಿಂದಾಗಿ ನನಗೂ ಗೊತ್ತಾಯ್ತು. ತಪ್ಪು ಮಾಡಿ ಕಲಿತೋರು ಮರೆಯಲ್ಲ. ಇವರನ್ನ ಕರ್ಕೊಂಡು ಹೋಗು. ನನಗೂ ಒಂದು ವರ್ಷ ನೆಟ್ಟಗಿರೋ ಮಂಚದ ಮೇಲೆ ಮಲಗೋ ಆಸೆ.”

ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಬರಲಿ. ಉಳಿ, ಬೈರಿಗೆ ಬರಬಾರದು.”

“ಬರಲ್ಲ!”

“ಏನಾದ್ರೂ ಬಿಚ್ಚೋ ಮೊದಲು ಕೇಳ್ಬೇಕು.”

“ಕೇಳ್ತೀನಿ!”

“ಹಾಗಾದ್ರೆ ಕೊನೇ ಪ್ರಶ್ನೆ. ಸರಿಯಾಗಿ ಉತ್ತರ ಹೇಳಿ, ಹಾಸಿಗೆ ನಿಮ್ಮದು.”

“ಒಂದಲ್ಲ, ನೂರು ಕೇಳು!” ಬಡಗಿಗೆ ಹೋದ ಜೀವ ಬಂದಿತ್ತು. ಬೆಸ್ತನ ಕಡೆ ತಿರುಗಿ ಎದೆಯುಬ್ಬಿಸಿದ. ಸಕ್ಕರೆ ಕರಕರ ಎಂದಿತು. “ಯಜಮಾನ್ರೇ, ನೀವೂ ಕೇಳಿಸ್ಕೊಳ್ಳಿ, ಉಪಯೋಗಕ್ಕೆ ಬರುತ್ತೆ. ಗ್ಯಾಸ್ ಅನ್ನೋದು ಗಾಳಿಗಿಂತ ಭಾರ. ತಗ್ಗು ಹುಡುಕ್ಕೊಂಡು ಇಳಿಯುತ್ತೆ. ಅದಕ್ಕೇ ಅಡುಗೆ ಮುಗಿದ ತಕ್ಷಣ ಒಲೆಯ ಗುಂಡಿ ಮಾತ್ರ ತಿರುಗಿಸಿದ್ರೆ ಸಾಲದು, ಸಿಲಿಂಡರಿನ ಬಾಯೇ ಬಂದ್ ಮಾಡ್ಬೇಕು. ಬುದ್ಧಿ ಇರೋ ಯಾವ ಮನುಷ್ಯನೂ ಇದನ್ನ ಮರೆಯೋದಿಲ್ಲ!”

ಮುದುಕ ಗೌರವದಿಂದ ತಲೆಯಾಡಿಸಿದ.

“ಇವತ್ತು ಬೆಳಿಗ್ಗೆ,” ಎಂದಳು ಹೆಂಡತಿ, “ಪರೀಕ್ಷೆಗೆ ಅಭ್ಯಾಸ ಅಂತ ಮನೇಲಿ ಚಹಾ ಇಟ್ಟಿದ್ರಲ್ಲ. ನಾನು ಆಗಲೇ ಬೀದಿಗೆ ಬಂದಿದ್ದೆ. ಮನೆ ಸಿಲಿಂಡರ್ ಬಂದ್ ಮಾಡಿದ್ರಾ?”

“ಅದೂ ಕೇಳೋ ಪ್ರಶ್ನೆನೇನೇ!” ಎಂದ ಬಡಗಿ. ಬಲಗೈ ತಾನಾಗಿ ಗಾಳಿಯಲ್ಲಿ ಒಂದು ಗುಂಡಿಯನ್ನು ತಿರುಗಿಸಿ ನೋಡಿತು. ಯಾವ ಕಡೆಗೆ ತಿರುಗಿಸಿದ್ದು ಎಂದು ಅದಕ್ಕೂ ನೆನಪಿದ್ದಂತೆ ಕಾಣಲಿಲ್ಲ. “ಚಹಾ ಉಕ್ಕಿತು. ಇಳಿಸಿದೆ. ಆಮೇಲೆ ಒಲೆ ಒರೆಸಿದೆ. ಆಮೇಲೆ ನೀನು ಕೂಗಿದೆ. ನಾನು ಬರ್ತಾ ಇದ್ದೀನಿ ಅಂತ ಹೇಳಿ, ಚಪ್ಪಲಿ ಹಾಕ್ಕೊಂಡು, ಮೊದಲು ಗುಂಡಿ ತಿರುಗಿಸಿ...” ಮೂವರಿಗೂ ಬೆನ್ನು ಹಾಕಿ ಆತ ಆಗಲೇ ಬಂದರಿನ ಕಲ್ಲುಹಾಸಿನ ಮೇಲೆ ಮನೆಯ ಕಡೆಗೆ ಹೆಜ್ಜೆ ಹಾಕುತ್ತಿದ್ದ, ಮೊದಲು ನಿಧಾನವಾಗಿ, ಆಮೇಲೆ ಬಿರಬಿರನೆ, “ಗುಂಡಿ ತಿರುಗಿಸಿ, ಆಮೇಲೆ ಸಿಲಿಂಡರಿನ ಬಾಯನ್ನ ನಾನು...”